ಇಟಲಿಯ ಮಂತ್ರಿಗೊಂದು ಬಟ್ಟಲು ಪಾಯಸ

ನಿನ್ನೆ ಪಾಯಸಕ್ಕಿಟ್ಟ ಹಾಲು ತಳ ಹಿಡಿಯಿತು. ಪಕ್ಕದಲ್ಲೇ ಹಿಂಡಿಟ್ಟ ನಿಂಬೆಯ ಸಿಪ್ಪೆ ಇತ್ತು. ಎರಡರ ವಾಸನೆ ಸೇರಿದ್ದೇ ತಡ, ಸೌದಿಯ ಹಾಯಿಲ್ ಊರಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ಇಟಲಿಯ ಅಮ್ಮ ಕಣ್ಣ ಮುಂದೆ ಬಂದರು...

ಮಕ್ಕಳೇ, ತೊಂಬತ್ತರ ದಶಕದಲ್ಲಿ ನಿಮ್ಮ ಅಜ್ಜ ಅಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದರು. ಅವರು ಡ್ಯೂಟಿಗೆ ಹೊರಟರೆ ನನಗೆ ಗೋಡೆಗಳೇ ಜೊತೆ. ಇಂಜಿನಿಯರರ ಹೆಂಡತಿಯಾದ ಆ ಅಮ್ಮನದೂ ಅದೇ ಪಾಡು. ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಇಬ್ಬರೂ ಕೂತು ಬಟಾಣಿ ಬಿಡಿಸುತ್ತಿದ್ದೆವು.

ಒಂದು ಸಂಜೆ ಅವರು ಹಾಲಿನಲ್ಲಿ ಬೇಯಿಸಿದ ಅನ್ನದ ಬಟ್ಟಲು ಹಿಡಿದು ಬಂದರು. ಮೇಲೆ ನಿಂಬೆ ಸಿಪ್ಪೆಯ ತುರಿ. ಕಣ್ಣು ಕೆಂಪಾಗಿತ್ತು. ಅವರ ಮಾತನ್ನು ಅಜ್ಜ ಕೇಳಿ ನನಗೆ ಹೇಳಿದರು. ಎಷ್ಟೋ ವರ್ಷಗಳ ಹಿಂದೆ ಅವರ ತಂದೆ ತೀರಿಕೊಂಡದ್ದು ಅದೇ ದಿನವಂತೆ. ಆ ತಂದೆ ಅರ್ಥಶಾಸ್ತ್ರದ ಪ್ರೊಫೆಸರ್. ಕಪ್ಪಂಗಿಯ ಫ್ಯಾಸಿಸ್ಟರ ಪಕ್ಷ ಸೇರಿ ಮಂತ್ರಿಯಾದರಂತೆ. ಸರ್ವಾಧಿಕಾರಿಗೆ ನಿಷ್ಠೆಯ ಪ್ರಮಾಣ ಮಾಡದ ಗೆಳೆಯರು ಕೆಲಸ ಕಳೆದುಕೊಂಡಾಗ ಸುಮ್ಮನಿದ್ದರಂತೆ. ಎರಡನೇ ಮಹಾಯುದ್ಧದಲ್ಲಿ ಇಟಲಿ ಸೋಲುವಾಗ ಅದೇ ಸರ್ವಾಧಿಕಾರಿಗೆ ಎದುರು ನಿಂತು, ಜೀವಭಯದಿಂದ ಅಡಗಿಕೊಂಡರಂತೆ. ಆಮೇಲೆ ಎರಡು ಕಡೆಯವರೂ ಹತ್ತಿರ ಸೇರಿಸಲಿಲ್ಲ. ಗಂಡುಮಕ್ಕಳೇ ಅವರ ಹೆಸರೆತ್ತುವುದಿಲ್ಲ, ಅಳಿಯ, ಅಂದರೆ ಈ ಅಮ್ಮನ ಗಂಡ, ಅವರ ನೆನಪಿಗೆ ಮಾಡಿದ ಈ ಅನ್ನ ಮುಟ್ಟುವುದಿಲ್ಲ. ಒಬ್ಬರಾದರೂ ಜೊತೆಗೆ ಕೂತು ಉಂಡರೆ ಸಾಕು ಎಂಬುದು ಮಗಳ ಆಸೆ.

"ಅಂಥವರ ಜೊತೆ ಸೇರಿ ಮೆರೆದ ಮನುಷ್ಯ ಮಾರಾಯ್ತಿ, ನಮಗೆಂತ ಅದರ ಉಸಾಬರಿ?" ಎಂದರು ಅಜ್ಜ.

ನಾನು ಎದುರು ಮಾತಾಡಿದವಳಲ್ಲ. ಅಂದು ಮಾತ್ರ ಬಾಯಿ ಬಂತು. "ತಿಥಿ ಊಟಕ್ಕೆ ಕೂತವರು ಸತ್ತವರ ಗುಣ ಕೇಳ್ತಾರಾ? ಒಂದು ತಟ್ಟೆ ಕೊಡಿ ಇಲ್ಲಿ."

ಮೊದಲು ತಂದೆಯ ಪಾಲು ಬಡಿಸಿ, ತಾರಸಿಯಲ್ಲಿಟ್ಟು, ಊರಿನ ರೂಢಿಯಂತೆ "ಕಾ... ಕಾ..." ಎಂದು ಕರೆದೆ. ಆ ಬೀದಿಯಲ್ಲಿ ಒಂದು ಕಾಗೆಯನ್ನೂ ನಾನು ಕಂಡಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ! ಪಾರಿವಾಳಗಳು ಬಂದು ಮುತ್ತಿದವು.

"ಇಟಲಿಯ ಮಂತ್ರಿಗೆ ಸೌದಿಯ ಪಾರಿವಾಳ. ಆಗ್ತದೆ ಬಿಡು!" ಎಂದು ಅಜ್ಜ ನಕ್ಕರು.

ಆ ಅಮ್ಮನೂ ಅಳುತ್ತಲೇ ನಕ್ಕರು. ಮೂವರೂ ಕೂತು ಉಂಡೆವು. ನಡುವೆ ಅವರು ಏನೋ ಅಂದರು.

"ಒಳ್ಳೆಯವರಲ್ಲ, ಆದರೆ ನನ್ನ ಅಪ್ಪ, ಅಂತಾರೆ," ಎಂದು ಅಜ್ಜ ಮೆಲ್ಲಗೆ ಹೇಳಿ, ಇನ್ನೊಂದು ಸೌಟು ಬಡಿಸಿಕೊಂಡರು.

ಮುಂದೆ ಅವರ ಗಂಡನ ಕಾಂಟ್ರಾಕ್ಟ್ ಮುಗಿಯಿತು, ಹೊರಟುಹೋದರು. ಮತ್ತೆ ಸುದ್ದಿಯಿಲ್ಲ... ಈಗ ನಿಮ್ಮ ಅಜ್ಜನೂ ಇಲ್ಲ.

ನಿನ್ನೆ ಆ ಅಮ್ಮನ ನೆನಪಿಗೆ ಒಂದು ಬಟ್ಟಲು ಪಾಯಸ ಹಿತ್ತಲ ಗೋಡೆಯ ಮೇಲಿಟ್ಟೆ. ಇಲ್ಲಿ ಕಾಗೆಗಳಿಗೆ ಬರವಿಲ್ಲ. ಆದರೆ ಕರೆಯಲು ಬಾಯಿ ಬರಲಿಲ್ಲ. ಕರೆದರೆ ಆ ಅಮ್ಮ ಇಲ್ಲವೆಂದು ನಾನೇ ಒಪ್ಪಿದಂತೆ. ಬಟ್ಟಲನ್ನು ಒಳಗೆ ತಂದು, ಒಬ್ಬಳೇ ಕೂತು ಉಂಡೆ.