ಜಿಪ್ ಎಳೆಯುವ ಮುನ್ನ ಇದನ್ನು ಓದಿ

ನಮ್ಮ ಅತ್ತಿಗೆಯ ಕೈ ಎಷ್ಟು ಚುರುಕೋ, ಬಾಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಅಡಿಯ ಸಂದಿಯಲ್ಲಿ ಅವಳ ಬ್ಯಾಗ್ ರಿಪೇರಿ ಅಂಗಡಿಯಿತ್ತು. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುವಷ್ಟು ಜಾಗ. ಹರಿದ ಪಟ್ಟಿ, ಬಾಯ್ಬಿಟ್ಟ ಜಿಪ್, ಮುರಿದ ಬಕಲ್, ಯಾವುದನ್ನೇ ತನ್ನಿ, "ಏನಾಯ್ತು ಹೇಳಿ" ಎಂದು ಸ್ಟೂಲ್ ಮುಂದೆ ತಳ್ಳುತ್ತಿದ್ದಳು. ಹೊಲಿಗೆ ಮುಗಿಯುವ ಹೊತ್ತಿಗೆ ಗಿರಾಕಿಗೆ ತನ್ನ ಬ್ಯಾಗಿನ ಜಾತಕವೆಲ್ಲ ಗೊತ್ತಾಗಿರುತ್ತಿತ್ತು.

ಒಂದು ದಿನ ಕಟ್ಟಡದ ಮಾಲೀಕರು, ಇದನ್ನು ಕೆಡವಿ ದೊಡ್ಡದು ಕಟ್ಟುತ್ತೇವೆಂದು ಎಲ್ಲರನ್ನೂ ಎಬ್ಬಿಸಿದರು. ಅತ್ತಿಗೆ ಹೊಲಿಗೆ ಯಂತ್ರವನ್ನೂ ಡಬ್ಬಗಳನ್ನೂ ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದಳು. ಎರಡು ದಿನ ಮಾತೇ ಇಲ್ಲ. ಅವಳು ಮಾತಾಡದಿದ್ದರೆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತದೆ. ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಜಿಪ್ಪು, ಬಕಲ್ಲು, ಪಟ್ಟಿ ಎಲ್ಲಾ ಆನ್‌ಲೈನ್‌ನಲ್ಲಿ ಮಾರೋಣ. ವೆಬ್‌ಸೈಟ್ ನಾನು ಮಾಡಿಕೊಡ್ತೀನಿ" ಎಂದೆ.

"ಗಿರಾಕಿ ಮುಖ ಕಾಣೋದಿಲ್ವಲ್ಲೇ?"

"ನಿನ್ನ ಮುಖಾನೂ ಅವರಿಗೆ ಕಾಣಲ್ಲ. ಲೆಕ್ಕ ಸರಿಹೋಯ್ತು."

ನಗಬಾರದೆಂದುಕೊಂಡೇ ನಕ್ಕಳು. ಹಿಂದಿನ ಕೋಣೆ ಗೋದಾಮಾಯಿತು. ವೆಬ್‌ಸೈಟ್ ಚೆನ್ನಾಗಿಯೇ ಬಂತು. ಬರಬೇಕಾದವರು ಮಾತ್ರ ಬರಲಿಲ್ಲ. ಮೊದಲ ತಿಂಗಳು ಬಂದ ಆರ್ಡರ್ ಒಂದೇ. ಕಳಿಸಬೇಕಾದ ವಿಳಾಸ ನೋಡಿದರೆ ಅಣ್ಣನ ಆಫೀಸು.

"ರೀ, ಈ ಹಸಿರು ಜಿಪ್ಪು ನಿಮಗ್ಯಾಕೆ?" ಎಂದು ಅತ್ತಿಗೆ ಕೇಳಿದಳು.

"ಬೋಣಿ ಆಗ್ಲಿ ಅಂತ..." ಎಂದು ಅಣ್ಣ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ.

ನನ್ನ ಆಫೀಸಿನ ಗೆಳತಿಯೊಬ್ಬಳು ದಾರಿ ತೋರಿಸಿದಳು. ಜನ ಅಂಗಡಿ ಹುಡುಕುವುದಿಲ್ಲ, ತಮ್ಮ ತೊಂದರೆಗೆ ಉತ್ತರ ಹುಡುಕುತ್ತಾರೆ. ಉಪಯೋಗಕ್ಕೆ ಬರುವ ಚಿಕ್ಕ ಚಿಕ್ಕ ಲೇಖನ ಬರೆದು ಹಾಕಿ, ಕೊನೆಗೊಂದು ಸಾಲು ನಿಮ್ಮ ಅಂಗಡಿಯ ಬಗ್ಗೆ ಇರಲಿ ಎಂದಳು. ಅತ್ತಿಗೆಗೆ ಇದು ಹಿಡಿಸಿತು. ಅಂದೇ ಬಾಗಿಲು ಹಾಕಿಕೊಂಡು ಕೂತಳು. ಸಂಜೆ ಹೊರಗೆ ಬಂದವಳು ನಮ್ಮನ್ನೆಲ್ಲ ಕೂರಿಸಿ ಗಂಟಲು ಸರಿಮಾಡಿಕೊಂಡಳು.

"ಮಾನವನು ನಾಗರಿಕತೆಯ ಹಾದಿಯಲ್ಲಿ ಮುನ್ನಡೆದಂತೆಲ್ಲ ಉಡುಪುಗಳನ್ನು ಬಂಧಿಸುವ ಸಾಧನಗಳೂ ವಿಕಾಸಗೊಂಡವು..."

ಅಣ್ಣ ತಲೆಯಾಡಿಸುತ್ತಿದ್ದ. ನಾನು ನೆಲ ನೋಡುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಮಲಗಿಬಿಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ ಕೇಳಿದರು, "ಅಲ್ವೇ, ಜಿಪ್ಪು ಸಿಕ್ಕಿಕೊಂಡು ಒದ್ದಾಡ್ತಿರೋಳಿಗೆ ಮಾನವನ ಕಥೆ ಯಾಕೆ? ಮೊದಲು ಬಿಡಿಸೋದು ಹೇಳು. ಅಂಗಡೀಲಿ ಹಿಂಗೇ ಮಾತಾಡ್ತಿದ್ದೆಯಾ?"

ಅತ್ತಿಗೆಯ ಮುಖ ಕೆಂಪಾಯಿತು. ಹಾಳೆಗಳನ್ನು ಮಡಚಿ ಒಳಗೆ ಹೋದಳು. ಆದರೆ ಮರುದಿನ ಬೆಳಿಗ್ಗೆ ನಾನು ಇಣುಕಿದರೆ, ಎದುರಿಗೆ ಖಾಲಿ ಸ್ಟೂಲ್ ಇಟ್ಟುಕೊಂಡು, ಅದರ ಮೇಲೆ ಯಾರೋ ಕೂತಿದ್ದಾರೇನೋ ಎಂಬಂತೆ ಕೈ ಆಡಿಸಿ ಹೇಳುತ್ತ, ಹೇಳಿದ್ದನ್ನೇ ಬರೆಯುತ್ತಿದ್ದಳು. ಆ ಲೇಖನ ಹೀಗೆ ಶುರುವಾಗುತ್ತಿತ್ತು: "ಜಿಪ್‌ನಲ್ಲಿ ಬಟ್ಟೆ ಸಿಕ್ಕಿಕೊಂಡಿದೆಯೇ? ಮೊದಲು ಎಳೆಯುವುದನ್ನು ನಿಲ್ಲಿಸಿ. ಸಿಟ್ಟು ಬಂದಿದ್ದರೆ ಒಂದು ಲೋಟ ನೀರು ಕುಡಿದು ಬನ್ನಿ, ಬಟ್ಟೆ ಎಲ್ಲಿಗೂ ಹೋಗುವುದಿಲ್ಲ."

ಓದಲು ಎರಡು ನಿಮಿಷ ಸಾಕು. ಬಿಗಿಯಾದ ಜಿಪ್ಪಿನ ಹಲ್ಲಿಗೆ ಪೆನ್ಸಿಲ್ ಉಜ್ಜುವುದು, ಹಲ್ಲಿನ ಮೇಲೆ ಓಡುವ ರನ್ನರ್ ಸಡಿಲವಾದರೆ ಇಕ್ಕಳದಿಂದ ಮೆಲ್ಲಗೆ ಅದುಮುವುದು, ಹೀಗೆ ಒಂದೊಂದು ತೊಂದರೆಗೆ ಒಂದೊಂದು ಲೇಖನ ಬಂತು. ಕೊನೆಯಲ್ಲಿ, "ಇಷ್ಟು ಮಾಡಿಯೂ ಬಗ್ಗದಿದ್ದರೆ ಕರೆ ಮಾಡಿ" ಎಂದು ಫೋನ್ ನಂಬರ್. ಜನ ಓದತೊಡಗಿದರು. ಕೃತಜ್ಞತೆಯ ಮಾತುಗಳು ಬಂದವು. ಆರ್ಡರ್ ಮಾತ್ರ ಬರಲಿಲ್ಲ.

"ಬರುತ್ತೆ ಹೇಗೆ? ಎಲ್ಲರಿಗೂ ಈಜು ಕಲಿಸಿ ದೋಣಿ ಮಾರೋಕೆ ಕೂತಿದ್ದೀಯಲ್ಲ" ಎಂದ ಅಣ್ಣ.

ಆ ಮಾತು ಅವಳಿಗೆ ನಾಟಿತು. ಮುಂದಿನ ಲೇಖನವನ್ನು ಅರ್ಧಕ್ಕೇ ನಿಲ್ಲಿಸಿ, "ಉಳಿದದ್ದು ತಿಳಿಯಲು ನಮ್ಮ ರಿಪೇರಿ ಕಿಟ್ ಕೊಳ್ಳಿ" ಎಂದು ಬರೆದಳು. ಸಂಜೆಯೊಳಗೆ ಯಾರೋ ಓದುಗರು ಕೆಳಗೆ ಬರೆದಿದ್ದರು: "ಬಾಗಿಲ ತನಕ ಕರ್ಕೊಂಡು ಬಂದು ಚಿಲಕ ಹಾಕಿಕೊಂಡ್ರಲ್ಲ ಅಮ್ಮಾ." ಅತ್ತಿಗೆ ಅದನ್ನು ಎರಡೆರಡು ಸಲ ಓದಿದಳು. ಊಟಕ್ಕೆ ಏಳುವ ಮೊದಲೇ ಉಳಿದರ್ಧವನ್ನೂ ಬರೆದು ಹಾಕಿದಳು. "ಜನರ ಹತ್ರ ಹೀಗೆ ಅನ್ನಿಸಿಕೊಂಡು ಮಾರೋದು ನನ್ನ ಕೈಲಾಗಲ್ಲ ರೀ. ಮಾರಾಟ ಆಗದಿದ್ರೆ ಬೇಡ" ಎಂದಳು. ಅಣ್ಣನೂ ಮತ್ತೆ ದೋಣಿಯ ಸುದ್ದಿ ಎತ್ತಲಿಲ್ಲ.

ಆಮೇಲೊಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಫೋನ್ ಬಂತು. ನಾಟಕ ತಂಡವೊಂದರ ಉಡುಪು ನೋಡಿಕೊಳ್ಳುವವರು. ದನಿಯಲ್ಲಿ ಗಾಬರಿ.

"ಮೇಡಂ, ನಿಮ್ಮ ಲೇಖನ ಓದಿದೆ. ನಮ್ಮ ಕರಡಿ ಬಿಚ್ಚೋಕೆ ಆಗ್ತಿಲ್ಲ!"

"ಏನು ಕರಡಿ?"

"ಮಕ್ಕಳ ನಾಟಕ. ವೇಷ ಹಾಕಿ ನೋಡೋಣ ಅಂತ ಹಾಕಿದ್ರು. ಬಿಚ್ಚುವಾಗ ಬೆನ್ನ ಜಿಪ್ಪು ಕತ್ತಿನಿಂದ ಚೂರು ಇಳಿದು ಅಲ್ಲೇ ಕಚ್ಚಿಕೊಂಡಿದೆ. ಒಳಗಿರೋರು ಬೆವೆತು ಹೋಗಿದ್ದಾರೆ. ಕತ್ತರಿಸಿದ್ರೆ ಮಧ್ಯಾಹ್ನ ಆಟಕ್ಕೆ ಕರಡಿನೇ ಇರಲ್ಲ."

ಅತ್ತಿಗೆ ಕೈ ತೊಳೆದು ಬಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಹಿಂದಿನಿಂದ ಡಬ್ಬದೊಳಗಿಂದ ಬಂದಂಥ ಗೊಣಗಾಟ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ತಿಂಡಿ ತಿನ್ನುವುದನ್ನು ಎಲ್ಲರೂ ನಿಲ್ಲಿಸಿದ್ದೆವು.

"ಮೊದಲು ಕರಡಿಯವರಿಗೆ ಅಲ್ಲಾಡಬೇಡಿ ಅಂತ ಹೇಳಿ. ನೀವು ಕೆಳಗೆ ಎಳೀಬೇಡಿ. ರನ್ನರ್ ಯಾವ ಕಡೆಯಿಂದ ಬಂತೋ ಅದೇ ಕಡೆಗೆ ಚೂರೇ ಚೂರು ಹಿಂದಕ್ಕೆ ತಳ್ಳಿ. ಬಂತಾ?"

"ಚೂರು ಬಂತು. ಕೂದಲು ಸಿಕ್ಕಿಕೊಂಡಿದೆ."

"ಹಾಗಾದ್ರೆ ಸಣ್ಣ ಕತ್ತರಿ ತಗೊಂಡು ಆ ಕೂದಲು ಮಾತ್ರ ಕತ್ತರಿಸಿ."

ಒಳಗಿನಿಂದ ಕರಡಿ ಕೂಗಿತು: "ಯಾರ ಕೂದಲು?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತಿಗೆ ಮಾತ್ರ ನಗದೆ, ಸೋಪು ಉಜ್ಜಿ, ಬಟ್ಟೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದುಕೊಳ್ಳಿ, ಈಗ ನಿಧಾನ ಎಂದು ಹೇಳುತ್ತಾ ಹೋದಳು. ಸರ್ರನೆ ಸದ್ದಾಯಿತು. ಅತ್ತ ಕಡೆ ಚಪ್ಪಾಳೆ, ಇತ್ತ ಕಡೆ ಅಣ್ಣ "ಭಲೇ!" ಎಂದು ಮೇಜು ಕುಟ್ಟಿದ ರಭಸಕ್ಕೆ ಲೋಟದ ಕಾಫಿ ಚೆಲ್ಲಿತು.

ಮರುದಿನ ಆ ಉಡುಪಿನವರೇ ಮತ್ತೆ ಫೋನ್ ಮಾಡಿ, ತಂಡದ ಎಲ್ಲ ವೇಷಗಳಿಗೂ ಗಟ್ಟಿ ಜಿಪ್ ಬೇಕೆಂದರು. ಜೊತೆಗೊಂದು ಪ್ರಶ್ನೆ: "ಪಕ್ಕದಲ್ಲಿ ಯಾರೂ ಇಲ್ಲದಾಗ ಬೆನ್ನ ಜಿಪ್ಪು ಹಾಕಿಕೊಳ್ಳೋದು ಹೇಗೆ ಅಂತ ಬರೀತೀರಾ? ನಮ್ಮ ನಟಿಯರಿಗೆಲ್ಲ ಅದೇ ಗೋಳು."

ಅತ್ತಿಗೆ ಬರೆದಳು. ರನ್ನರಿನ ತೂತಿಗೆ ಉದ್ದ ದಾರ ಪೋಣಿಸಿ, ಅದನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು, ಒಂದು ಕೈಯಲ್ಲಿ ಬಟ್ಟೆಯ ಬುಡ ಹಿಡಿದು, ಇನ್ನೊಂದು ಕೈಯಲ್ಲಿ ಮೆಲ್ಲಗೆ ಎಳೆಯಬೇಕು. ಅಷ್ಟೇ. "ಮನೆಯಲ್ಲಿರುವ ದಾರವೇ ಸಾಕು. ಸಿಗದಿದ್ದರೆ ಕೊಕ್ಕೆ ಹಾಕಿದ ರಿಬ್ಬನ್ ನಮ್ಮಲ್ಲಿದೆ" ಎಂಬುದು ಕೊನೆಯ ಸಾಲು.

ಎಲ್ಲಿದ್ದರೋ ಈ ಜನ! ಒಂಟಿಯಾಗಿ ಇರುವವರು, ಹಾಸ್ಟೆಲ್ಲಿನವರು, ಭುಜ ನೋವಿನವರು ಒಬ್ಬರಿಂದ ಒಬ್ಬರಿಗೆ ಅದನ್ನು ಕಳಿಸಿದರು. ರಿಬ್ಬನ್ ಹೊಲಿಯಲು ಅತ್ತಿಗೆಯೊಬ್ಬಳ ಕೈ ಸಾಲದೆ ಎದುರುಮನೆಯ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡಳು. ಅಣ್ಣ ಪಾರ್ಸೆಲ್ ಕಟ್ಟುತ್ತ, "ದಾರ ಸಾಕು ಅಂತ ನೀನೇ ಬರೆದಿದ್ದೀಯ. ಆದ್ರೂ ಕೊಳ್ತಾರಲ್ಲ!" ಎಂದು ಆಶ್ಚರ್ಯಪಟ್ಟ.

"ಹೊರಡೋ ಹೊತ್ತಲ್ಲಿ ದಾರ ಹುಡುಕಿ ನೋಡು, ಆಗ ಗೊತ್ತಾಗುತ್ತೆ" ಎಂದರು ಅಮ್ಮ.

ಒಂದು ಮಧ್ಯಾಹ್ನ ಅತ್ತಿಗೆ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿದ್ದಳು. ಹೋಗಿ ನೋಡಿದೆ. ಯಾರೋ ಹಿರಿಯರು ಆ ಲೇಖನದ ಕೆಳಗೆ ಬರೆದಿದ್ದರು: "ಯಜಮಾನರು ಹೋದ ಮೇಲೆ ನನ್ನ ನೀಲಿ ಉಡುಪನ್ನು ಹಾಕಿರಲಿಲ್ಲ. ಜಿಪ್ಪು ಹಾಕುತ್ತಿದ್ದವರು ಅವರೇ. ಯಾರನ್ನು ಕೇಳೋದು ಅಂತ ಬಿಟ್ಟಿದ್ದೆ. ಇವತ್ತು ಹಾಕಿಕೊಂಡು ತಂಗಿ ಮನೆಗೆ ಹೋಗಿ ಬಂದೆ."

"ಏನಂತ ಉತ್ತರ ಬರೆಯಲೇ?" ಎಂದಳು ಅತ್ತಿಗೆ. ಎರಡು ಸಲ ಬರೆದು ಅಳಿಸಿದಳು. ಕೊನೆಗೆ, "ನೀಲಿ ನಿಮಗೆ ಒಪ್ಪುತ್ತೆ ಅಂತ ನೋಡದೇ ಹೇಳಬಲ್ಲೆ" ಎಂದು ಬರೆದು, ಮೂಗು ಒರೆಸಿಕೊಂಡು ಎದ್ದಳು.

ಈಗ ಅತ್ತಿಗೆಯ ವ್ಯಾಪಾರ ನಮ್ಮ ಬೀದಿಯ ತುದಿಯ ಬಾಡಿಗೆ ಮನೆಯೊಂದಕ್ಕೆ ಬೆಳೆದಿದೆ. ವಾರಕ್ಕೊಂದು ಲೇಖನ ತಪ್ಪಿಲ್ಲ. ಮೊನ್ನೆ ದೊಡ್ಡ ಬ್ಯಾಗ್ ಕಂಪನಿಯೊಂದರಿಂದ ಒಬ್ಬರು ಫೋನ್ ಮಾಡಿ, ತಮಗೂ ಬರೆದುಕೊಡಬೇಕು, ದಿನಕ್ಕೆ ಇಪ್ಪತ್ತು ಲೇಖನವಾದರೂ ಬೇಕು ಎಂದರು.

"ಇಪ್ಪತ್ತಾ?" ಎಂದಳು ಅತ್ತಿಗೆ. "ಬ್ಯಾಗು ಕೆಡೋದೇ ಏಳೆಂಟು ಥರ ಸ್ವಾಮಿ. ಉಳಿದದ್ದಕ್ಕೆ ನಾನೇ ಮನೆಮನೆಗೆ ಹೋಗಿ ಕೆಡಿಸಿ ಬರ್ಬೇಕಾ?"