ತಂಗಡಿ ಹೂವಿನ ಪಥ್ಯ

ತ್ಯಾಮಗೊಂಡ್ಲು ರಸ್ತೆಯ ಪಕ್ಕ, ಮರಳು ಬೆರೆತ ಖರಾಬು ಜಾಗದಲ್ಲಿ ತಂಗಡಿ ಗಿಡಗಳಿವೆ. ಆವರಿಕೆ ಅಂತಲೂ ಅನ್ನುತ್ತಾರೆ. ಯಾರೂ ನೀರು ಹಾಕುವುದಿಲ್ಲ. ಆದರೂ ಸುಡುಬಿಸಿಲಲ್ಲಿ ಗೊಂಚಲು ಗೊಂಚಲು ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತವೆ. ಈಗ ಅವುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಿಡದ್ದೇನು ತಪ್ಪು ಅಂತೀರಾ? ಏನೂ ಇಲ್ಲ. ಅದಕ್ಕೇ ಇನ್ನಷ್ಟು ಉರಿ.

ಅಮ್ಮನಿಗೆ ಶುಗರ್. ತಂಗಡಿ ಹೂವಿನ ಕಷಾಯವನ್ನು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕುಡಿದರೆ ಇಳಿಯುತ್ತದೆ ಅಂತ ಯಾರೋ ಅವಳ ತಲೆಗೆ ತುಂಬಿದ್ದರು. ಹೂ ಕೀಳುವ ಕೆಲಸ ನನ್ನದು. ಬೆಳಿಗ್ಗೆ ವೇಲಿನಲ್ಲಿ ಹೂ ಕಟ್ಟಿ ತಂದುಕೊಟ್ಟು, ನೆಲಮಂಗಲದ ಗೋಡೌನ್ ಕೆಲಸಕ್ಕೆ ಬಸ್ಸು ಹಿಡಿಯಲು ಓಡುತ್ತಿದ್ದೆ. ಕುಡಿಯಲಿ ಬಿಡು, ಹೂವಿನ ನೀರು ತಾನೇ ಅಂದುಕೊಂಡಿದ್ದೆ.

ಮೂರನೇ ದಿನವೋ ಏನೋ, ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದಳು. “ನಾಟಿ ಔಷ್ದಿ ಕುಡಿಯೋವಾಗ ಇಂಗ್ಲಿಷ್ ಮಾತ್ರೆ ಮುಟ್ಟಬಾರ್ದಂತೆ ಕಣೇ. ಪಥ್ಯ ಕೆಡ್ತದಂತೆ. ಮಾತ್ರೆ ಬಿಟ್ಬಿಡ್ಲಾ?”

ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. “ಅಯ್ಯೋ, ಏನಾದ್ರೂ ಮಾಡ್ಕೊಳಮ್ಮ, ನನ್ನ ಪ್ರಾಣ ತಿನ್ಬೇಡ!” ಅಂದು ಓಡಿದೆ. ಸಂಜೆ ಹೊತ್ತಿಗೆ ಆ ಮಾತು ಮರೆತೂ ಹೋಗಿತ್ತು.

ಆಮೇಲೆ ಯಾವಾಗಲೋ ಅಮ್ಮನ ಕಾಲಿನ ಹೆಬ್ಬೆರಳಿಗೆ ಗಾಯವಾಗಿತ್ತು. ಅರಿಶಿನ ಮೆತ್ತಿ ಸೀರೆಯಂಚಿನಲ್ಲಿ ಮುಚ್ಚಿಕೊಂಡಿದ್ದಳು. ವಾಸನೆ ಬಂದ ಮೇಲೆ ನನಗೆ ಗೊತ್ತಾಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ಬೈದೆ. ಭಯ ಅದು, ಬೇರೇನಲ್ಲ.

ಡಾಕ್ಟರು ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು. ಮಂಡಿಯ ಕೆಳಗೆ ಕಾಲು ತೆಗೆಯಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಅಂದರು.

“ಬೆರಳು ಮಾತ್ರ ತೆಗೆದ್ರೆ ಆಗಲ್ವಾ ಸಾರ್? ನಿಮ್ಮ ಕಾಲಿಗೆ ಬೀಳ್ತೀನಿ,” ಅಂತ ಅಂಗಲಾಚಿದೆ. ಆಗುವುದಿಲ್ಲ ಅಂದರು. ಆಮೇಲೆ ಅಮ್ಮನನ್ನು ಮಾತ್ರೆಯ ಬಗ್ಗೆ ಕೇಳಿದರು. ಬಿಟ್ಟು ತಿಂಗಳ ಮೇಲಾಯಿತು ಅಂದಳು.

“ಯಾರಮ್ಮ ಬಿಡೋಕೆ ಹೇಳಿದ್ದು? ಬುದ್ಧಿ ಬೇಡ್ವಾ?” ಅಂತ ರೇಗಿದರು.

ಅಮ್ಮನಿಗೆ ಅವಮಾನವಾಯಿತು. ಮಂಚದ ಮೇಲೆ ನೆಟ್ಟಗೆ ಕೂತಳು. “ನನ್ನಷ್ಟಕ್ಕೆ ನಾನೇ ಬಿಟ್ಟಿಲ್ಲ ಸ್ವಾಮಿ. ನನ್ನ ಮಗಳು ಓದಿದೋಳು. ಅವಳನ್ನ ಕೇಳೇ ಬಿಟ್ಟಿದ್ದು.”

ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ನನ್ನ ಕಡೆ ತಿರುಗಿ ಸಹಿಯ ಕಾಗದವನ್ನು ನನ್ನ ಕೈಗೆ ಕೊಟ್ಟರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

“ನೀನು ಹೂಂ ಅಂದ್ರೆ ತೆಗೀಲಿ ಬಿಡವ್ವ,” ಅಂದಳು.