ಬಾಣಂತಿ ಕೋಣೆ

ಮೇಸ್ತ್ರಿ ಆ ಪ್ರಶ್ನೆಯನ್ನು ಗೇಟಿನ ಹತ್ತಿರ ಸೈಕಲ್ ನಿಲ್ಲಿಸುವಾಗ ಕೇಳಿದನೋ, ಒಳಗೆ ಬಂದು ಗೋಡೆ ತಟ್ಟಿ ನೋಡಿದ ಮೇಲೆ ಕೇಳಿದನೋ, ನನಗೆ ಖಚಿತವಿಲ್ಲ. ಅವನು ಕೇಳಲೇ ಇಲ್ಲ, ನಾನೇ ಮುಂದಾಗಿ ಹೇಳಿದೆ ಎನ್ನುವುದು ನನ್ನ ಹೆಂಡತಿಯ ನೆನಪು. ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು, ನಾನು ಹಜಾರದಲ್ಲಿದ್ದೆ. ಸಾಕ್ಷ್ಯವನ್ನು ತೂಗಿ ನೋಡಬೇಕೆಂದು ವಿಶ್ವವಿದ್ಯಾನಿಲಯದಲ್ಲಿ ಕಲಿತವನು ನಾನು. ಇದನ್ನು ತೂಗಿದಾಗಲೆಲ್ಲ ತಕ್ಕಡಿ ನನಗೆ ಅನುಕೂಲವಾದ ಕಡೆಗೇ ವಾಲುತ್ತದೆ. ಅನುಮಾನ ಬರುವುದು ಅದರಿಂದಲೇ.

ನಾನು ಹೇಳಿದ್ದು ಏನೆಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಅನುಮಾನವಿಲ್ಲ. "ಈ ಮನೇಲಿ ಬಸುರಿ ಹೆಂಗಸರು ಯಾರೂ ಇಲ್ಲ" ಎಂದೆ. ಅವಳಿಗೆ ಆಗ ಆರು ತಿಂಗಳು.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಮನೆಗಳಿಗಿಂತ ಸೈಟಿನ ಗುರುತುಕಲ್ಲುಗಳೇ ಹೆಚ್ಚಿದ್ದವು. ಗಾಳಿ ಬೀಸಿದರೆ ಕೆಮ್ಮಣ್ಣು ನೇರವಾಗಿ ಅನ್ನದ ಪಾತ್ರೆಗೆ. ನಮ್ಮದು ಒಂದು ಹಜಾರ, ಒಂದು ಕೋಣೆ, ಅಡುಗೆಮನೆ, ಹಿಂದುಗಡೆ ತೆರೆದ ಜಗಲಿ. ಅದರಾಚೆ ಹಿತ್ತಲು, ಹಿತ್ತಲ ಮೂಲೆಯಲ್ಲಿ ಕಕ್ಕಸು. ಇದ್ದ ಒಂದು ಕೋಣೆಯಲ್ಲಿ ನನ್ನ ತಾಯಿಯೂ ಅವರ ದೇವರುಗಳೂ ಇದ್ದರು. ಹಜಾರದಲ್ಲಿ ನಾವಿಬ್ಬರು, ಮೂರು ವರ್ಷದ ಮಗಳು, ನನ್ನ ಪುಸ್ತಕಗಳು.

ಮಗಳು ಹುಟ್ಟಿದ್ದು ಬಿನ್ನಿಪೇಟೆಯಲ್ಲಿ, ಹೆಂಡತಿಯ ಅಣ್ಣನ ಮನೆಯಲ್ಲಿ. ಅವಳಿಗೆ ತಾಯಿ ಇರಲಿಲ್ಲ. ಅತ್ತಿಗೆ ಅವಳಿಗೆ ಚಾಪೆ ಹಾಸಿಕೊಟ್ಟದ್ದು ಸೌದೆ ಒಟ್ಟಿದ್ದ ಓಣಿಯಲ್ಲಿ. ಬಂದು ಹೋಗುವವರಿಗೆಲ್ಲ, "ಇವಳ ಗಂಡ ಎಂ.ಎ. ಅಂತೆ ಕಣ್ರೀ. ಹೆಂಡ್ತಿ ಹೆರೋಕೆ ಒಂದು ಮೂಲೆ ಇಲ್ವಂತೆ" ಎಂದು ನಗಾಡುತ್ತಿದ್ದಳಂತೆ. ಎರಡನೆಯ ಸಲ ದಿನ ನಿಂತಾಗ ಹೆಂಡತಿ ನನ್ನಲ್ಲಿ ಕೇಳಿದ್ದು ಒಂದೇ.

"ಈ ಸಲ ಅಲ್ಲಿಗೆ ಕಳಿಸ್ಬೇಡಿ. ಇಲ್ಲೇ ಒಂದು ಮೂಲೆ ಮಾಡ್ಕೊಡಿ. ಮತ್ತೇನೂ ಕೇಳಲ್ಲ."

ಮನೆಯಲ್ಲೇ ಹೆರಿಗೆ ಮಾಡಿಸಲು ನನ್ನ ತಾಯಿ ಸಿದ್ಧರಿದ್ದರು. ಆದರೆ ಪುರುಡು ಕಳೆಯುವವರೆಗೆ ಬಾಣಂತಿ ಹಜಾರದಲ್ಲಾಗಲಿ ದೇವರ ಬಳಿಯಾಗಲಿ ಇರುವಂತಿರಲಿಲ್ಲ. ಜಗಲಿಗೆ ಗೋಡೆ ಕಟ್ಟಿಸಿ, ಹಜಾರದ ಹಿಂದಿನ ಗೋಡೆ ಒಡೆದು ಬಾಗಿಲಿಟ್ಟರೆ ಕೋಣೆಯಾಗುತ್ತಿತ್ತು. ನಾನು ನಕ್ಷೆ ಬರೆದೆ. ತಾಯಿ ನಕ್ಷೆಯತ್ತ ನೋಡಲೂ ಇಲ್ಲ.

"ಬಸುರಿ ಇರೋ ಮನೇಲಿ ಗೋಡೆ ಒಡೀಬಾರದು ಕಣೋ."

"ಗೋಡೆಗೂ ಗರ್ಭಕ್ಕೂ ಏನಮ್ಮ ಸಂಬಂಧ?"

"ಎಲ್ಲಾ ಓದಿದೀಯ. ಇದೊಂದು ಓದಿಲ್ಲ."

"ಓದೋ ಅಂಥದ್ದಲ್ಲ, ಅದಕ್ಕೆ."

ಅವರು ಎದ್ದು ತಮ್ಮ ಕೋಣೆಗೆ ಹೋದರು. ಅದನ್ನು ನಾನು ಗೆಲುವೆಂದುಕೊಂಡೆ.

ಮೇಸ್ತ್ರಿ ಮಲ್ಲತ್ತಹಳ್ಳಿಯವನು. ಹಣೆಯಲ್ಲಿ ವಿಭೂತಿ, ಸೈಕಲ್ಲಿನ ಹಿಂದೆ ಗೋಣಿಚೀಲದಲ್ಲಿ ಉಳಿ, ಸುತ್ತಿಗೆ. ನಿಜ ತಿಳಿದರೆ ಇಂಥವನು ಮರುಮಾತಿಲ್ಲದೆ ಹೊರಟುಹೋಗುತ್ತಾನೆಂದು ಆ ವಿಭೂತಿ ನೋಡಿಯೇ ತೀರ್ಮಾನಿಸಿದ್ದೆ. ಆದ್ದರಿಂದ ಸುಳ್ಳು. ಸುಳ್ಳಿನ ಬೆನ್ನಿಗೆ ಅದರ ಏರ್ಪಾಡು: ಅವನಿರುವಷ್ಟು ಹೊತ್ತು ಹೆಂಡತಿ ಅಡುಗೆಮನೆ ಬಿಟ್ಟು ಬರಬಾರದು. ನಾನು ಕಾಲೇಜಿಗೆ ರಜೆ ಹಾಕಿ, ಕೈಯಲ್ಲಿ ಪುಸ್ತಕ ಹಿಡಿದು ಕಾವಲು ಕೂತೆ.

ಒಂದು ವಿಷಯ ನನಗೆ ಹೊಳೆದಿರಲಿಲ್ಲ. ಹಿತ್ತಲಿಗೆ ಹೋಗಲು ಇದ್ದದ್ದು ಜಗಲಿಯ ದಾರಿಯೊಂದೇ. ಆರು ತಿಂಗಳ ಬಸುರಿ ಬೆಳಿಗ್ಗೆಯಿಂದ, ಮಧ್ಯಾಹ್ನ ಮೇಸ್ತ್ರಿ ಬುತ್ತಿ ಹಿಡಿದುಕೊಂಡು ಬೀದಿಯ ಹೊಂಗೆ ಮರದ ಕೆಳಗೆ ಹೋಗುವವರೆಗೆ ತಡೆದುಕೊಂಡು ಕೂರಬೇಕಾಗಿತ್ತು. ಅದಕ್ಕಾಗಿ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಇದು ನನಗೆ ಗೊತ್ತಾದದ್ದು ಆಮೇಲೆ ಎಂದು ಬರೆಯಬೇಕೆನಿಸುತ್ತದೆ. ಆದರೆ ಎರಡನೆಯ ದಿನವೇ ತಾಯಿ ನನ್ನ ಹತ್ತಿರ ಬಂದು, "ಅವಳು ಹಿತ್ತಲಿಗೆ ಹೋಗ್ಬೇಕಂತೆ" ಎಂದದ್ದೂ, "ಇನ್ನೊಂದು ಗಂಟೆ ತಡ್ಕೊಳ್ಳಲಿ" ಎಂದು ನಾನು ಪುಟ ಮಗುಚಿದ್ದೂ ನೆನಪಿನಲ್ಲಿದೆ. ಇದು ಸುಳ್ಳು ನೆನಪಾಗಿರಲಿ ಎಂದು ಬಹಳ ಸಲ ಆಶಿಸಿದ್ದೇನೆ.

ಮೂರನೆಯ ದಿನ ಗೋಡೆಯಲ್ಲಿ ಆಳೆತ್ತರದ ಕಂಡಿ ಬಿದ್ದಿತ್ತು. ಹತ್ತು ಗಂಟೆಯ ಸುಮಾರಿಗೆ ಅಡುಗೆಮನೆಯ ಹಿಂಬಾಗಿಲು ತೆರೆಯಿತು. ಅವಳು ಜಗಲಿಗೆ ಬಂದಳು, ಇಟ್ಟಿಗೆಯ ಚೂರುಗಳ ಮೇಲೆ ಹೆಜ್ಜೆ ನೋಡಿಕೊಂಡು ಇಡುತ್ತ, ಒಂದು ಕೈ ಸೊಂಟದ ಮೇಲೆ. ಸೆರಗನ್ನು ಹೊದ್ದುಕೊಂಡಿರಲಿಲ್ಲ. ಮೇಸ್ತ್ರಿಯ ಮುಂದೆಯೇ ಹಾದು ಹಿತ್ತಲಿಗೆ ಇಳಿದಳು. ಹಾಗೆ ಬಂದರೆ ಕೋಣೆ ಕೈತಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಡೆಯಲಾರದೆ ಬಂದಳೋ, ತಡೆದದ್ದು ಸಾಕೆಂದು ಬಂದಳೋ, ನಾನು ಕೇಳಿಲ್ಲ.

ಮೇಸ್ತ್ರಿ ಉಳಿ ಕೆಳಗಿಟ್ಟ.

"ಅಮ್ಮಾವ್ರು ಯಾರು ಸಾಮಿ?"

"ನನ್ನ ಹೆಂಡತಿ."

"ಇಲ್ಲ ಅಂದ್ರಲ್ಲ?"

ಮೂಢನಂಬಿಕೆಯ ವಿಚಾರವಾಗಿ ನಾನು ಏನೋ ಶುರುಮಾಡಿದೆ. ಅವನು ಅರ್ಧ ಕೇಳಿಸಿಕೊಂಡ.

"ಮೂಡನಂಬ್ಕೆನೋ ಏನೋ, ಅದು ನಂದು. ನನ್ ಕೈಲಿ ಯಾಕ್ ಮಾಡುಸ್ದ್ರಿ?" ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಅಂಗಳ ದಾಟಿದ. ಗೇಟಿನ ಹತ್ತಿರ ಹಿಂತಿರುಗಿ ನೋಡಿದ. "ಹೊಟ್ಟೇಲಿರೋ ಕೂಸ್ನ ಇಲ್ಲ ಅಂತ ಬಾಯ್ತುಂಬ ಯೋಳ್ತಾರಾ ಸಾಮಿ, ಯಾರಾನ?"

ತಾಯಿ ಕಂಡಿಗೆ ಗೋಣಿತಾಟು ಕಟ್ಟಿದರು. "ನಾನು ಹೇಳಿದ್ದೆನಲ್ಲ" ಎಂದು ಅವರು ಆಡಿ ತೋರಿಸಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೇರೆ ಮೇಸ್ತ್ರಿಗಳನ್ನು ಕರೆತರಲು ನೋಡಿದೆ. ಇನ್ನೊಬ್ಬನು ಅರ್ಧಕ್ಕೆ ಬಿಟ್ಟುಹೋದ ಗೋಡೆ ಎಂದೊಡನೆ ಎಲ್ಲರೂ ಕಾರಣ ಕೇಳುತ್ತಿದ್ದರು. ಈ ಸಲ ನಿಜ ಹೇಳಿದೆ. ಹೆರಿಗೆಯಾದ ಮೇಲೆ ನೋಡೋಣ ಎಂದರು. ಮಳೆ ಹಿಡಿಯಿತು. ಗೋಣಿತಾಟು ನೆನೆದು ಹಜಾರಕ್ಕೆಲ್ಲ ನೀರು ಬಂತು.

ಎಂಟು ತುಂಬಿದ ಮೇಲೆ ಅವಳನ್ನು ಜಟಕಾದಲ್ಲಿ ಬಿನ್ನಿಪೇಟೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನಾನು ಮಾತಾಡಿದೆ, ಗಾರೆ, ಮಳೆ, ಮೇಸ್ತ್ರಿಗಳ ಅಜ್ಞಾನ. ಅಣ್ಣನ ಮನೆಯ ಮುಂದೆ ಇಳಿಯುವಾಗ ಅವಳು ಒಂದೇ ಮಾತು ಕೇಳಿದಳು.

"ನಿಮಗೆ ನಂಬಿಕೆ ಇಲ್ಲ ಅಂದ್ಮೇಲೆ, ನನ್ನನ್ನ ಯಾಕೆ ಬಚ್ಚಿಟ್ರಿ?"

ಒಳಗಿನಿಂದ ಅತ್ತಿಗೆ ಕೂಗಿದಳು: "ಬಾಮ್ಮ, ಬಾ. ಸೌದೆ ಸರಿಸಿದೀನಿ."

ಗಂಡು ಮಗು ಹುಟ್ಟಿತು, ಆರೋಗ್ಯವಾಗಿ. ಅಷ್ಟರ ಮಟ್ಟಿಗೆ ನನ್ನ ವಾದ ಗೆದ್ದಂತಾಯಿತು. ಗೋಡೆ ಒಡೆದರೂ ಮಗುವಿಗೆ ಏನೂ ಆಗಿರಲಿಲ್ಲ. ಇದನ್ನು ಯಾರಿಗೆ ಹೇಳಬೇಕಿತ್ತೋ ಆ ಹೆಂಡತಿ ಮಾತ್ರ ಬಿನ್ನಿಪೇಟೆಯ ಸೌದೆ ಓಣಿಯಲ್ಲಿದ್ದಳು. ಐದು ತಿಂಗಳ ನಂತರ ಅವಳು ಮರಳಿ ಬಂದಾಗ ಕೋಣೆ ಸಿದ್ಧವಾಗಿತ್ತು. ಬೇರೊಬ್ಬ ಮೇಸ್ತ್ರಿ ಹನ್ನೆರಡೇ ದಿನದಲ್ಲಿ ಮುಗಿಸಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. "ಚೆನ್ನಾಗಿದೆ, ನಿಮ್ಮ ಪುಸ್ತಕ ಇಟ್ಕೊಳ್ಳಿ" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಅಲ್ಲಿ ಒಂದು ಮಧ್ಯಾಹ್ನವೂ ಮಲಗಿದ್ದನ್ನು ನಾನು ಕಾಣೆ.

ಈ ನೆನಪುಗಳಲ್ಲಿ ಎಷ್ಟೋ ನಾನೇ ತಿದ್ದಿಕೊಂಡದ್ದು ಇರಬಹುದು. ಒಂದನ್ನು ಮಾತ್ರ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ. ಬಹಳ ವರ್ಷಗಳ ಮೇಲೆ, ಎರಡು ಬೀದಿ ಆಚೆಯ ಮನೆಯವರೊಬ್ಬರು ಮಾತಿನ ನಡುವೆ ಅದೇ ಮೇಸ್ತ್ರಿಯ ಹೆಸರೆತ್ತಿದರು. ಅದೇ ಮಳೆಗಾಲಕ್ಕೆ ಮುಂಚೆ ಅವರ ಹಿಂದಿನ ಗೋಡೆ ಒಡೆದು ಕೋಣೆ ತೆಗೆದವನು ಅವನೇ. ಅವರ ಹೆಂಡತಿಯೂ ಆಗ ಏಳು ತಿಂಗಳ ಬಸುರಿ. ನಾನು ಮರುದಿನ ಮತ್ತೆ ಹೋಗಿ ಅವರನ್ನು ಕೇಳಿದೆ, ಅವರಿಲ್ಲದಾಗ ಅವರ ಹೆಂಡತಿಯನ್ನೂ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ. ಅವನು ಕೇಳಿದ, ಅವರು ಇದ್ದದ್ದನ್ನು ಹೇಳಿದರು. "ಅದಕ್ಕೇನಂತೆ ಸಾಮಿ, ಮೊದಲ್ನೇ ಏಟು ಬೀಳೋವಾಗ ಅಮ್ಮಾವ್ರನ್ನ ಪಕ್ಕದ್ ಮನೇಲಿ ಕೂರ್ಸಿ" ಎಂದನಂತೆ. ಗೋಡೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಕೆಲಸ ಶುರುಮಾಡಿದ. ಆಕೆ ಕಾಫಿ ಕುಡಿದು ವಾಪಸು ಬಂದರು. ಅವರ ಮಗು ಹುಟ್ಟಿದ್ದು ಆ ಕೋಣೆಯಲ್ಲೇ.